ತುಳಿಯುವುದು ನಾನೇ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಮನೆಯಿಂದ ಏಳು ಕಿಲೋಮೀಟರು ದೂರದ ಹಳ್ಳಿಯಲ್ಲಿ ನನ್ನ ಶಾಲೆ. ಬೆಳಗಿನ ಹೊತ್ತು ನೀವು ಆ ಕಡೆ ಬಂದರೆ, ಉದ್ದನೆಯ ಕೋಲಿನ ತುದಿಯಲ್ಲಿ ಹಾರಾಡುವ ಕಿತ್ತಳೆ ಬಣ್ಣದ ಬಾವುಟವೊಂದು ಕಾಣುತ್ತದೆ. ಅದರ ಕೆಳಗೆ, ಆರಾಮಕುರ್ಚಿಯಲ್ಲಿ ಒರಗಿದ ಹಾಗೆ ಒರಗಿ, ಕಾಲು ಮುಂದಕ್ಕೆ ಚಾಚಿ ಪೆಡಲ್ ತುಳಿಯುತ್ತ ಬರುವ ಐವತ್ತಾರರ ಹೆಂಗಸೇ ನಾನು.

ಮೊದಲ ದಿನ ಟೀ ಅಂಗಡಿಯ ಮುಂದೆ ಕೂತಿದ್ದ ಹಿರಿಯರೊಬ್ಬರು, "ನೋಡ್ರಪ್ಪೋ, ಟೀಚರಮ್ಮ ಮಂಚನೇ ರೋಡಿಗೆ ತಂದ್ಬುಟ್ಟವ್ರೆ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತಿನಲ್ಲಿ ಪೂರಾ ಸುಳ್ಳೂ ಇರಲಿಲ್ಲ. ಸೀಟಿಗೆ ಹೆಣೆದಿದ್ದು ನಮ್ಮವ್ವನ ಹಳೆಯ ಮಂಚದ ನವಾರ.

ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದ 2006-07ರಲ್ಲಿ, "ತುಳೀರಮ್ಮ, ನಾಚಿಕೆ ಯಾಕೆ" ಎಂದು ಹೆಣ್ಣುಮಕ್ಕಳಿಗೆ ಹೇಳಿದವಳು ನಾನು. ಹೇಳಿದ ಮೇಲೆ ಮಾಡಿ ತೋರಿಸಬೇಕಲ್ಲ! ಅಂದಿನಿಂದ ನಾನೂ ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಿದ್ದೆ. ಮೂರು ವರ್ಷದ ಹಿಂದೆ ಸೊಂಟ ಹಿಡಿಯಿತು, ಅದರ ಹಿಂದೆಯೇ ಮಂಡಿನೋವು. "ಬಗ್ಗಿ ಕೂತು ಸೈಕಲ್ ತುಳಿದದ್ದು ಸಾಕು. ಆದರೆ ಕಾಲು ಆಡಿಸೋದು ನಿಲ್ಲಿಸಬೇಡಿ" ಎಂದರು ಡಾಕ್ಟರು. ಎರಡನ್ನೂ ಒಟ್ಟಿಗೆ ಹೇಗೆ ಪಾಲಿಸುವುದು?

ಮಂಡ್ಯದಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ನನ್ನ ತಮ್ಮನ ಮಗ, "ಅತ್ತೆ, ಒರಗಿಕೊಂಡು ತುಳಿಯೋ ಸೈಕಲ್ಲೂ ಇದೆ. ನಾನೇ ಮಾಡಿಕೊಡ್ತೀನಿ" ಎಂದ. ಗುಜರಿಯಿಂದ ಎರಡು ಸೈಕಲ್ ತಂದ. ಹಿಂದೆ 26 ಇಂಚಿನ ಚಕ್ರ, ಮುಂದೆ ಮಕ್ಕಳ ಸೈಕಲ್ಲಿನ 20 ಇಂಚಿನದು. ಪೆಡಲ್ ಮುಂದಿನ ಚಕ್ರಕ್ಕಿಂತಲೂ ಮುಂದೆ ಇರುವುದರಿಂದ ಒಂದು ಚೈನು ಸಾಲದು. ಮೂರನ್ನು ಜೋಡಿಸಿ, ನನ್ನ ಚೂಡಿದಾರಕ್ಕೆ ಎಣ್ಣೆ ತಾಗದಂತೆ ಪ್ಲಾಸ್ಟಿಕ್ ಪೈಪಿನೊಳಗೆ ಹಾಯಿಸಿದ. ಮೊದಲ ಚೌಕಟ್ಟು ನಾನು ಕೂತೊಡನೆ ನಡುವೆ ಬಾಗಿತು. "ಅತ್ತೆ, ನೀವು ತೂಕ ಸರಿಯಾಗಿ ಹೇಳಲಿಲ್ಲ" ಎಂದ. ಹೇಳಿರಲಿಲ್ಲ, ನಿಜ.

ಹಿಂದಿನ ಚಕ್ರದ ನಡುವೆ 250 ವ್ಯಾಟಿನ ಮೋಟಾರು, ಸೀಟಿನ ಹಿಂದೆ 36 ವೋಲ್ಟಿನ ಬ್ಯಾಟರಿ. ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ ಕರೆಂಟೂ ಬೇಡ. ಪೆಡಲ್ ತಿರುಗಿದರೆ ಮಾತ್ರ ಮೋಟಾರು ತಿರುಗುತ್ತದೆ. ಕಾಲು ನಿಂತರೆ ಅದೂ ನಿಲ್ಲುತ್ತದೆ. ಬ್ಯಾಲೆನ್ಸ್ ಕಲಿಯಲು ಶಾಲೆಯ ಮೈದಾನದಲ್ಲಿ ಹತ್ತು ದಿನ ಬಿದ್ದೆ. ನೆಲಕ್ಕೆ ಹತ್ತಿರ ಕೂತಿದ್ದರಿಂದ ಬಿದ್ದರೂ ಪೆಟ್ಟಾಗಲಿಲ್ಲ. ಆದರೆ ಹಾಗೆ ತಗ್ಗಿನಲ್ಲಿ ಕೂತವಳು ಕಬ್ಬಿನ ಟ್ರ್ಯಾಕ್ಟರಿನವರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಬಾವುಟ.

ಇಷ್ಟಾದರೆ ಇದೊಂದು ತಮಾಷೆಯ ಕಥೆ. ಆದರೆ ಒಂದು ದಿನ ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, "ಮೋಟಾರು ತಳ್ಳುತ್ತೆ, ನೀವು ಒರಗಿರ್ತೀರಿ. ಇದಕ್ಕೆ ಸೈಕಲ್ ತುಳಿಯೋದು ಅಂತಾರಾ ಮೇಡಂ?" ಎಂದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ಚುಚ್ಚಿತು. "ಸ್ವಂತ ಶ್ರಮದಿಂದ ಬಂದದ್ದೇ ನಿಮ್ಮದು" ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವಳಲ್ಲವೇ ನಾನು? ಮಾರನೆಯ ದಿನದಿಂದ ಮೋಟಾರು ಆಫ್ ಮಾಡಿ ತುಳಿದೆ. ನಾಲ್ಕನೆಯ ದಿನ ಮಂಡಿ ಊದಿತು. ರಜೆ ಹಾಕಿ ಮಲಗಿದೆ.

ಮಲಗಿದ್ದಾಗ ತಮ್ಮನ ಮಗ ಇಂಥ ಸೈಕಲ್ಲಿನ ಹಳೆಯ ಕಥೆ ಹೇಳಿದ. ಫ್ರಾನ್ಸಿನಲ್ಲಿ ಶಾರ್ಲ್ ಮೋಶೆ ಎಂಬಾತ ಒರಗಿ ತುಳಿಯುವ ಸೈಕಲ್ ಮಾಡಿದ್ದ. 1933ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಅದರ ಮೇಲೆ ಒಂದು ಗಂಟೆಯಲ್ಲಿ 45 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ, 1914ರ ದಾಖಲೆಯನ್ನು ಮುರಿದ. ಆತ ಮೊದಲ ಸಾಲಿನ ಸವಾರನೇನೂ ಆಗಿರಲಿಲ್ಲ. ಮರುವರ್ಷ, 1934ರಲ್ಲಿ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಹೊಸ ನಿಯಮ ತಂದು ಇಂಥ ಸೈಕಲ್ಲನ್ನು ಪಂದ್ಯಗಳಿಂದ ಹೊರಗಿಟ್ಟಿತು. ಮೋಟಾರಿಲ್ಲ, ತುಳಿದದ್ದೆಲ್ಲ ಅವನ ಕಾಲೇ. ಕೂತ ಭಂಗಿ ಮಾತ್ರ ಬೇರೆ. ಪಂದ್ಯಕ್ಕೆ ನಿಯಮ ಬೇಕು, ಒಪ್ಪೋಣ. ಆದರೆ ನಾನು ಯಾರೊಡನೆ ಪಂದ್ಯಕ್ಕೆ ಹೊರಟಿದ್ದೆ? ಶಾಲೆಗೆ ತಾನೇ ಹೊರಟಿದ್ದು?

ಸಹಾಯ ಪಡೆಯುವುದೆಂದರೆ ನಮಗೆ, ಅದರಲ್ಲೂ ಹೆಂಗಸರಿಗೆ, ಏನೋ ಅಳುಕು. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂದಾಗ ರೈತನನ್ನು ಸೋಮಾರಿ ಎಂದವರನ್ನು ನಾನು ಕಾಣೆ. ಒರಳು ಹೋಗಿ ಮಿಕ್ಸಿ ಬಂದಾಗ ಮಾತ್ರ "ಈಗಿನ ಹೆಂಗಸರಿಗೆ ಮೈ ಬಗ್ಗಲ್ಲ" ಎಂದರು. ನೀವೂ ಕೇಳಿರುತ್ತೀರಿ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಯ ದೀಪ ಹೊತ್ತಿಸಿತು. ಕಾವೇರಿಯ ಬಲ ಬಂತೆಂದು ಗಣಿ ಕಾರ್ಮಿಕನ ಬೆವರು ಸುಳ್ಳಾಯಿತೇ?

ಹೀಗೆ ವಾದ ಹೂಡುತ್ತ, ನನ್ನ ಪರವಾಗಿ ನಾನೇ ಗೆಲ್ಲುತ್ತ ಮಲಗಿದ್ದೆ. ಆಗಲೇ ಆ ಹುಡುಗಿಯ ಮುಖ ಕಣ್ಣೆದುರು ಬಂತು.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ಹುಟ್ಟಿನಿಂದ ಬಲಗೈ, ಬಲಗಾಲಿನಲ್ಲಿ ಶಕ್ತಿ ಕಡಿಮೆಯಿದ್ದ ಹುಡುಗಿ. ಕೇಳಿದರೆ ಉತ್ತರ ಪಟಪಟನೆ ಹೇಳುವಳು, ಬರೆಯುವುದು ಮಾತ್ರ ಬಹಳ ನಿಧಾನ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅವಳು ಹೇಳಿದ್ದನ್ನು ಬರೆಯಲು ಸಹಾಯಕರನ್ನು ಕೇಳಿ ಪಡೆಯಲು ಅವಕಾಶವಿತ್ತು. ಅರ್ಜಿಯ ವಿಷಯ ಎತ್ತಿದ ಅವಳ ಅವ್ವನಿಗೆ ನಾನೇ ಹೇಳಿದೆ: "ಬೇರೆಯವರ ಕೈಲಿ ಯಾಕೆ ಬರೆಸ್ತೀರಿ? ತನ್ನ ಕೈಲೇ ಬರೆದು ಪಾಸಾದರೆ ಅವಳಿಗೇ ಮರ್ಯಾದೆ." ಧೈರ್ಯ ತುಂಬುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ತನ್ನ ಕೈಯಲ್ಲೇ ಬರೆದಳು. ಎರಡು ವಿಷಯಗಳಲ್ಲಿ ಉತ್ತರಗಳು ಅರ್ಧಕ್ಕೇ ನಿಂತು ಫೇಲಾದಳು. ಮುಂದಿನ ಸಲ ಪಾಸಾದಳು, ಆದರೆ ಕಾಲೇಜಿಗೆ ಹೋಗಲಿಲ್ಲ.

ಮೋಸ ಎಂದರೇನು? ಬೇರೆಯವರ ಕೆಲಸವನ್ನು ನನ್ನದೆಂದು ತೋರಿಸುವುದು. ಪಕ್ಕದವಳ ಉತ್ತರ ನೋಡಿ ಬರೆದರೆ ಅದು ಮೋಸ. ಆದರೆ ಆ ಹುಡುಗಿಯ ಉತ್ತರ ಅವಳದೇ ಆಗಿತ್ತು. ಸಮಾಜ ವಿಜ್ಞಾನದ ಪರೀಕ್ಷೆ ಅಳೆಯಬೇಕಾದದ್ದು ಅವಳಿಗೆ ಏನು ತಿಳಿದಿದೆ ಎಂಬುದನ್ನು. ನಾನು ಅವಳ ಬಲಗೈಯನ್ನು ಅಳೆಯಲು ಹಚ್ಚಿದೆ. ನಾವು ಏನನ್ನು ಅಳೆಯುತ್ತಿದ್ದೇವೆ ಎಂದು ಕೇಳಿಕೊಳ್ಳದೆ "ಸ್ವಂತ ಶ್ರಮ" ಎನ್ನುವುದು ಗಟ್ಟಿ ಕೈಕಾಲಿದ್ದವರಿಗೆ ಸುಲಭವಾದ ನೀತಿ. ನನ್ನ ಕೈಕಾಲು ಗಟ್ಟಿಯಾಗಿರುವ ತನಕ ಅದು ನನಗೆ ತಿಳಿಯಲಿಲ್ಲ ಎಂಬುದೇ ನನ್ನ ನಾಚಿಕೆ. ನನ್ನ ಮಂಡಿ ಊದುವ ಮೊದಲೇ ಅವಳ ಕೈ ನೋಡಿ ತಿಳಿಯಬೇಕಿತ್ತು. ಕಣ್ಣು ಸರಿಯಾಗಿಯೇ ಇತ್ತಲ್ಲ.

ಮಂಡಿ ಇಳಿದ ಮೇಲೆ, ಒಂದು ಭಾನುವಾರ, ಮೋಟಾರು ಆನ್ ಮಾಡಿಕೊಂಡೇ ಹೊರಟೆ. ಮದ್ದೂರಿನಲ್ಲಿ ಅವಳದೊಂದು ಜೆರಾಕ್ಸ್ ಅಂಗಡಿಯಿದೆ ಎಂದು ಕೇಳಿದ್ದೆ. ಎಡಗೈಯಲ್ಲೇ ಕಂಪ್ಯೂಟರಿನ ಕೀಲಿ ಒತ್ತುತ್ತ ಯಾರದೋ ಅರ್ಜಿ ಟೈಪ್ ಮಾಡುತ್ತಿದ್ದಳು. "ಬನ್ನಿ ಮಿಸ್" ಎಂದು ಸ್ಟೂಲು ಎಳೆದು ಕೂರಿಸಿ, ಕಾಫಿಗೆ ಹೇಳಿ ಕಳಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ಆವತ್ತು ನಾನು ನಿನಗೆ ತಪ್ಪು ಹೇಳಿದೆ ಕಣಮ್ಮ" ಎಂದಷ್ಟೇ ಹೇಳಿದೆ.

ಅವಳು ತುಸು ಹೊತ್ತು ಸುಮ್ಮನಿದ್ದಳು. "ಹೇಳಿದ್ದು ಹೋಗಲಿ ಮಿಸ್. ಅದನ್ನು ನಾನೂ ನಂಬಿಬಿಟ್ಟಿದ್ದೆ. ಆಮೇಲೂ ಬಹಳ ವರ್ಷ ಯಾರನ್ನೂ ಏನನ್ನೂ ಕೇಳಲಿಲ್ಲ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಅದು ಅವಳಿಗೆ ಬಿಟ್ಟದ್ದು.

ಹೊರಡುವಾಗ ಬಾಗಿಲ ತನಕ ಬಂದವಳು ಸೈಕಲ್ಲನ್ನು ನೋಡಿ ನಿಂತಳು. ನವಾರದ ಸೀಟು ಒತ್ತಿ ನೋಡಿದಳು. "ಒಂದೇ ಕಾಲಲ್ಲಿ ತುಳಿದರೂ ಓಡುತ್ತಾ ಮಿಸ್?" ಎಂದು ಕೇಳಿದಳು.

ಬಲಪಾದವನ್ನು ಪೆಡಲಿಗೆ ಪಟ್ಟಿಯಲ್ಲಿ ಬಿಗಿದರೆ ಓಡುತ್ತದೆ, ಬ್ಯಾಲೆನ್ಸಿಗೆ ಮೂರು ಚಕ್ರ ಬೇಕಾಗುತ್ತದೆ ಎಂದ ನನ್ನ ತಮ್ಮನ ಮಗ. ಕಳೆದ ವಾರ ಅವಳ ಅಂಗಡಿಗೆ ಹೋಗಿ ಅಳತೆ ತೆಗೆದುಕೊಂಡು ಬಂದಿದ್ದಾನೆ. ದುಡ್ಡು ತಾನೇ ಕೊಡುತ್ತೇನೆ ಎಂದಿದ್ದಾಳೆ. ಸರಿ ಎಂದಿದ್ದೇನೆ. ನವಾರ ಮಾತ್ರ ನಮ್ಮವ್ವನ ಮಂಚದ್ದೇ. ಇನ್ನೂ ಅರ್ಧ ಉಳಿದಿದೆ.