ಗೋವಳರ ನಾಡಿನಲ್ಲೊಂದು ಗೋರಿ

ಮರಣವನ್ನು ಮರೆತರೆ ಮಾತ್ರ ಸುಖವುಂಟೋ, ನೆನೆದರೂ ಸುಖವು ನಿಲ್ಲಬಲ್ಲುದೋ? ಈ ಹಳೆಯ ಪ್ರಶ್ನೆಯನ್ನು ಫ್ರೆಂಚ್ ಚಿತ್ರಕಾರನಾದ ನಿಕೊಲಾ ಪುಸ್ಸಾನನು (1594–1665) ಒಂದು ಪಟದಲ್ಲಿ ಮೂಡಿಸಿದ್ದಾನೆ. ಅದು ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.

ಆರ್ಕೇಡಿಯವು ಗ್ರೀಸಿನ ಒಂದು ಗುಡ್ಡಗಾಡು ಪ್ರಾಂತ. ರೋಮಿನ ಕವಿ ವರ್ಜಿಲನಿಂದ ಅದು ಗೋವಳರ ಗಾನದ ನೆಲೆಯೆಂದು ಹೆಸರಾಯಿತು. ಪಟದಲ್ಲಿ ಅಂಥ ಬಯಲಿನ ನಡುವೆ ಒಂದು ಕಲ್ಲಿನ ಗೋರಿ. ಒಬ್ಬ ಗೋವಳನು ಮಂಡಿಯೂರಿ ಅದರ ಲ್ಯಾಟಿನ್ ಬರಹವನ್ನು ಬೆರಳಿಟ್ಟು ಓದುತ್ತಿದ್ದಾನೆ. ಇನ್ನೊಬ್ಬನು ಬರಹವನ್ನು ತೋರುತ್ತ, ಬಳಿಯಲ್ಲಿ ನಿಂತ ಹೆಂಗಸಿನತ್ತ ಮುಖ ತಿರುಗಿಸಿದ್ದಾನೆ.

ಆ ಬರಹದಲ್ಲಿ ಕ್ರಿಯಾಪದವಿಲ್ಲ. ಆದುದರಿಂದ ಅರ್ಥವು ಎರಡಾಯಿತು. ‘ಆರ್ಕೇಡಿಯದಲ್ಲಿಯೂ ನಾನಿರುವೆನು’ ಎಂದರೆ ನುಡಿಯುವವನು ಮೃತ್ಯು. ‘ನಾನೂ ಆರ್ಕೇಡಿಯದಲ್ಲಿದ್ದೆನು’ ಎಂದರೆ ನುಡಿಯುವವನು ಗೋರಿಯೊಳಗಿನ ಮನುಷ್ಯ. ಮೊದಲನೆಯದೇ ವ್ಯಾಕರಣಸಮ್ಮತವೆಂದೂ, ಆದರೆ ಈ ಪಟವೇ ಎರಡನೆಯ ಅರ್ಥಕ್ಕೆ ಎಡೆಗೊಟ್ಟಿತೆಂದೂ ಪನೋಫ್ಸ್ಕಿ ಎಂಬ ವಿದ್ವಾಂಸನು 1936ರಲ್ಲಿ ವಾದಿಸಿದನು.

ಈ ಭೇದವು ಬರಿಯ ಪದಚರ್ಚೆಯಲ್ಲ. ಮೃತ್ಯುವಿನ ಮಾತನ್ನು ಕೇಳಿದವನು ತನ್ನ ಗತಿಯನ್ನು ನೆನೆದು ಅಂಜುವನು. ಅಳಿದವನ ಮಾತನ್ನು ಕೇಳಿದವನು ಇನ್ನೊಬ್ಬನ ಬಾಳನ್ನು ನೆನೆದು ಮರುಗುವನು. ಭಯವು ನಮ್ಮನ್ನು ನಮ್ಮೊಳಗೇ ಮುಚ್ಚುತ್ತದೆ. ಮರುಕವು ಹೊರಕ್ಕೆ ಕರೆಯುತ್ತದೆ. ಇಟಲಿಯ ಗ್ವೆರ್ಚಿನೋ ಎಂಬಾತನು ಇದೇ ವಿಷಯವನ್ನು ಮೊದಲೇ ಚಿತ್ರಿಸಿ, ಗೋವಳರ ಮುಂದೆ ತಲೆಬುರುಡೆಯನ್ನಿರಿಸಿದ್ದನು. ಪುಸ್ಸಾನನ ಮೊದಲ ಪಟದಲ್ಲಿಯೂ ಬುರುಡೆಯಿತ್ತು. ಲೂವ್ರಿನ ಪಟದಲ್ಲಿ ಅದಿಲ್ಲ, ಬೆದರಿದವರೂ ಇಲ್ಲ.

ಇದು ಸಾವಿನ ಕಾಠಿಣ್ಯವನ್ನು ಸವಿಮಾತಿನಿಂದ ಮರೆಸಿದಂತಾಗಲಿಲ್ಲವೇ ಎಂದು ಕೇಳಬಹುದು. ಇಲ್ಲವೆನ್ನಬೇಕು. ಗೋರಿಯು ಮೂಲೆಗೆ ಸರಿಯದೆ ಪಟದ ನಡುವೆಯೇ ಇದೆ. ಮೇಲಾಗಿ, ಓದುವವನ ನೆರಳು ಅದೇ ಕಲ್ಲಿನ ಮೇಲೆ ಬಿದ್ದಿದೆ. ಪರರ ಅಳಿವನ್ನು ಓದುವವನು ತನ್ನದನ್ನೂ ಅಲ್ಲಿಯೇ ಕಾಣುತ್ತಾನೆ. ಆದರೆ ಮರುಕದ ಹಾದಿಯಿಂದ ಬಂದ ಆ ಅರಿವು ಅವನನ್ನು ಓಡಿಸುವುದಿಲ್ಲ, ಜೊತೆಯವರ ಬಳಿ ನಿಲ್ಲಿಸುತ್ತದೆ.

ಅಗಲಿದವರ ಹೆಸರನ್ನೆತ್ತದಿರುವುದೇ ಮನೆಯ ನೆಮ್ಮದಿಯೆಂದು ಬಗೆಯುವವರುಂಟು. ಆ ನೆಮ್ಮದಿ ಒಂದು ಮಾತಿಗೆ ಒಡೆದುಹೋಗುವಂಥದು. ಹೆಸರನ್ನು ಒಟ್ಟಿಗೆ ಓದಿ, ಅನಂತರವೂ ಒಟ್ಟಿಗಿರಬಲ್ಲವರ ಸುಖವೇ ಗಟ್ಟಿಯಾದ ಸುಖ.