ಒಂದರ ಮೇಲೊಂದು ಬಿದ್ದ ಜಾಗ

(ಚಿತ್ರದುರ್ಗ ಜಿಲ್ಲೆಯ ಉಳ್ಳಾರ್ತಿ ಕಾವಲಿನ ಅಂಚಿನ ರಸ್ತೆ. ನಿವೃತ್ತ ಗಣಿತದ ಮೇಷ್ಟ್ರು. ಬೆಂಗಳೂರಿನಲ್ಲಿ ಕಂಪೈಲರ್ ಕೆಲಸದಲ್ಲಿರುವ ಅವರ ಹಳೆಯ ವಿದ್ಯಾರ್ಥಿನಿ.)

ಮೇಷ್ಟ್ರು: ಒಂದು ಕಡೆ ಇರೋ ಬೈಟುಗಳನ್ನ ಇನ್ನೊಂದು ಕಡೆಗೆ ನಕಲು ಮಾಡೋದು. ಇದರಲ್ಲಿ ಯೋಚನೆ ಮಾಡೋಕೆ ಏನಿದೆಯವ್ವಾ?

ವಿದ್ಯಾರ್ಥಿನಿ: ಎರಡು ಜಾಗ ಓವರ್‌ಲ್ಯಾಪ್ ಆಗಿದ್ರೆ, ಅಂದ್ರೆ ಒಂದರ ಮೇಲೊಂದು ಬಿದ್ದಿದ್ರೆ, ಇದೆ ಸಾರ್. ಸಾಲಾಗಿ ಆರು ಮನೆ, ಮೊದಲ ಐದರಲ್ಲಿ 1, 2, 3, 4, 5. ಎಲ್ಲವನ್ನೂ ಒಂದು ಮನೆ ಬಲಕ್ಕೆ ಸರಿಸಬೇಕು. ಎಡದಿಂದ ಶುರು ಮಾಡಿದ್ರೆ ಎರಡನೇ ಮನೆಗೆ 1 ಬಂದು, ಅಲ್ಲಿದ್ದ 2 ಓದೋಕೆ ಮುಂಚೆಯೇ ಅಳಿಸಿಹೋಗುತ್ತೆ. ಕೊನೆಗೆ ಆರೂ ಮನೆಯಲ್ಲಿ 1.

ಮೇಷ್ಟ್ರು: ಬಲಗಡೆಯಿಂದ ಶುರು ಮಾಡು.

ವಿದ್ಯಾರ್ಥಿನಿ: ಸರಿಹೋಗುತ್ತೆ. ಸಿ ಭಾಷೆಯ ಮೆಮ್‌ಮೂವ್ ಫಂಕ್ಷನ್ ಈ ಸಂದರ್ಭಕ್ಕೂ ಸರಿಯಾದ ಫಲಿತಾಂಶದ ಖಾತರಿ ಕೊಡುತ್ತೆ. ಮೆಮ್‌ಕಾಪಿ ಕೊಡಲ್ಲ. 1989ರ ಮಾನದಂಡದಲ್ಲೇ ಹಾಗೆ ಬರೆದಿದೆ.

ಮೇಷ್ಟ್ರು: ಕಂಪೈಲರ್ ತಾನೇ ನೋಡಿಕೊಳ್ಳಲ್ವಾ?

ವಿದ್ಯಾರ್ಥಿನಿ: ಕಂಡಷ್ಟು ನೋಡಿಕೊಳ್ಳುತ್ತೆ. ನಾವು ಬರೆದ ಲೂಪಿನಲ್ಲಿ ಎರಡು ಜಾಗ ಬೇರೆ ಬೇರೆ ಅಂತ ಸಾಬೀತಾದ್ರೆ ಅದನ್ನ ಮೆಮ್‌ಕಾಪಿಗೆ ಬದಲಿಸಬಹುದು. ಸಾಬೀತಾಗದಿದ್ರೆ ಎರಡು ಬಗೆಯ ಕೋಡ್ ಇಟ್ಟು, ಪ್ರೋಗ್ರಾಂ ಓಡುವಾಗ ವಿಳಾಸ ಹೋಲಿಸಿ ಒಂದನ್ನ ಆರಿಸೋದೂ ಉಂಟು. ಆದ್ರೆ ನಾವೇ ಮೆಮ್‌ಕಾಪಿ ಬರೆದ್ರೆ, ಇಲ್ಲಾ 1999ರಲ್ಲಿ ಬಂದ ರಿಸ್ಟ್ರಿಕ್ಟ್ ಪದ ಹಾಕಿದ್ರೆ, ಅದು ನಾವು ಕೊಟ್ಟ ಮಾತು. ಕಂಪೈಲರ್ ನಂಬುತ್ತೆ.

ಮೇಷ್ಟ್ರು: ಮಾತು ಸುಳ್ಳಾದ್ರೆ ತಕ್ಷಣ ಗೊತ್ತಾಗುತ್ತಾ?

ವಿದ್ಯಾರ್ಥಿನಿ: ಕಷ್ಟ ಇರೋದೇ ಅಲ್ಲಿ. ಗಾತ್ರ ಚಿಕ್ಕದಾದ್ರೆ ಎಲ್ಲವನ್ನೂ ರಿಜಿಸ್ಟರ್‌ಗೆ ಓದಿಕೊಂಡು ಆಮೇಲೆ ಬರೆಯೋದರಿಂದ ತಪ್ಪು ಹೊರಗೇ ಬರದೆ ಇರಬಹುದು. 2010ರಲ್ಲಿ ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ ವೇಗಕ್ಕಾಗಿ ಮೆಮ್‌ಕಾಪಿಯನ್ನ ಬದಲಿಸಿ, ಕೆಲವು ಪ್ರೊಸೆಸರ್‌ಗಳಲ್ಲಿ ಹಿಂದಿನಿಂದ ನಕಲಿಸೋ ಹಾಗೆ ಮಾಡಿತು. ಫೆಡೋರಾ 14 ಅನ್ನೋ ಲಿನಕ್ಸ್‌ನಲ್ಲಿ ಬ್ರೌಸರಿನ ಫ್ಲ್ಯಾಶ್ ಪ್ಲಗಿನ್‌ನ ಧ್ವನಿ ಕೆಟ್ಟಿತು. ಫ್ಲ್ಯಾಶ್ ಓವರ್‌ಲ್ಯಾಪ್ ಆದ ಜಾಗಕ್ಕೂ ಮೆಮ್‌ಕಾಪಿ ಬಳಸ್ತಿತ್ತು. ನಿಯಮ ಮುರಿದದ್ದು ಫ್ಲ್ಯಾಶ್ ಅಂತ ಕೆಲವರು. ಬಳಸುವವರಿಗೆ ತೊಂದರೆ ಕೊಡೋ ಬದಲಾವಣೆ ಯಾಕೆ ಅಂತ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್. 2011ರ ಜಿಲಿಬ್‌ಸಿ 2.14 ಆವೃತ್ತಿ ಹಳೆಯ ಪ್ರೋಗ್ರಾಂಗಳಿಗೆ ಸುರಕ್ಷಿತ ನಕಲನ್ನೇ ಉಳಿಸಿತು.

ಮೇಷ್ಟ್ರು: ಇಷ್ಟು ದಿನ ನಡೆದುಕೊಂಡು ಬಂತು ಅಂದ ಮಾತ್ರಕ್ಕೆ ಅದು ಸರಿ ಇತ್ತು ಅಂತಲ್ಲ. ಈ ಕಾವಲನ್ನೇ ನೋಡು. ಅಮೃತ ಮಹಲ್ ದನಗಳಿಗೆ ಮೀಸಲಿದ್ದ ಹುಲ್ಲುಗಾವಲು. ಅಣು ಸಂಶೋಧನಾ ಸಂಸ್ಥೆ ಬಾರ್ಕ್‌ಗೆ, ಇಸ್ರೋಗೆ ಇಲ್ಲಿ ಜಾಗ ಕೊಟ್ಟಾಗ ದಾಖಲೆಯಲ್ಲಿ ಸರ್ಕಾರಿ ನೆಲ. ಅದೇ ನೆಲದಲ್ಲಿ ಸುತ್ತಲ ಹಳ್ಳಿಗಳ ಕುರಿ, ದನ ಮೇಯ್ತಿದ್ವು. ಒಂದರ ಮೇಲೊಂದು ಬಿದ್ದ ಆ ಹಕ್ಕುಗಳ ವಿಚಾರ 2013ರಲ್ಲಿ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು.

ವಿದ್ಯಾರ್ಥಿನಿ: ಆದ್ರೆ ನಕಲು ಮಾಡುವಾಗ ಪ್ರತಿ ಸಲ ಓವರ್‌ಲ್ಯಾಪ್ ಇದೆಯಾ ಅಂತ ನೋಡ್ತಾ ಕೂತ್ರೆ ವೇಗ ಎಲ್ಲಿಂದ ಬರಬೇಕು ಸಾರ್? ನಂಬಿಕೆ ಇದ್ದರೆ ತಾನೇ ವೇಗ?

ಮೇಷ್ಟ್ರು: ನಂಬಿಕೆ ಬೇಡ ಅನ್ನಲ್ಲ. ನೋಡಿದವರು ಮಾತು ಕೊಡಲಿ. ಆ ನೋಟಕ್ಕೆ ಎಷ್ಟು ಖರ್ಚು?

ವಿದ್ಯಾರ್ಥಿನಿ: ವಿಳಾಸ ಹೋಲಿಸೋ ಕೆಲವೇ ಸೂಚನೆಗಳು. ದೊಡ್ಡ ನಕಲಿನಲ್ಲಿ ಲೆಕ್ಕಕ್ಕೇ ಬರಲ್ಲ. ಪರೀಕ್ಷೆ ಮಾಡುವಾಗ ವಾಲ್‌ಗ್ರೈಂಡ್, ಅಡ್ರೆಸ್ ಸ್ಯಾನಿಟೈಸರ್ ಅನ್ನೋ ಉಪಕರಣಗಳು ಇಂಥ ತಪ್ಪನ್ನ ಹಿಡಿದೂ ಕೊಡುತ್ವೆ.

ಮೇಷ್ಟ್ರು: ಅಷ್ಟು ಅಗ್ಗದ ಎಚ್ಚರವನ್ನ ಬಿಟ್ಟು ಗಳಿಸೋದೇನು? ಎರಡು ಜಾಗ ಬೇರೆ ಅಂತ ಖಚಿತವಾಗಿ ತಿಳಿದವರು ಮೆಮ್‌ಕಾಪಿ ಬರೆಯಲಿ. ತಿಳಿಯದವರು ಮೆಮ್‌ಮೂವ್ ಬರೆಯಬೇಕು. ಅಳಿಸಿದ್ದನ್ನ ಮತ್ತೆ ಓದೋಕಾಗಲ್ಲ.