ಅಳೆಯದೆ ಬಿಟ್ಟುಕೊಟ್ಟದ್ದು

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಜಾಗ ಮುಗಿದುಹೋಗಿದೆ ಎಂಬ ಸುದ್ದಿ ಒಂದು ಭಾನುವಾರ ಬೆಳಿಗ್ಗೆ, ನಾನು ದೋಸೆ ಹುಯ್ಯುತ್ತಿದ್ದಾಗ ಕಿವಿಗೆ ಬಿತ್ತು. "ಯಾರಾದರೂ ಏನಾದರೂ ತೆಗೆದು ಸ್ವಲ್ಪ ಜಾಗ ಮಾಡಿ" ಎಂದು ನಮ್ಮ ಯಜಮಾನರು ನಡುಮನೆಯಿಂದ ಕೂಗಿದರು. ಮನೆಯಲ್ಲಿ 'ಯಾರಾದರೂ' ಎಂದರೆ ಯಾರು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ನಾನೇ ಕುಳಿತು ನನ್ನ ಹೆಸರಿನ ಫೋಲ್ಡರನ್ನು ಅಳಿಸಿದೆ. ಅಲ್ಲಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಗುಡಿಸಿದ ಕಸವನ್ನು ಮೂಲೆಯಲ್ಲಿ ಬಿಡುವ ಅಭ್ಯಾಸ ನನಗಿಲ್ಲ.

ಆ ಫೋಲ್ಡರಿನಲ್ಲಿ ಇದ್ದದ್ದು ನನ್ನ ಹನ್ನೆರಡು ವರ್ಷಗಳ ಬರಹ. ಬರಹವೆಂದರೆ ಭಾರಿಯದೇನೂ ಅಲ್ಲ. ಪಾತ್ರೆಯ ಕೆಲಸ ಮುಗಿದು ಸಂಜೆಯ ಕಾಫಿಗೆ ಇನ್ನೂ ಹೊತ್ತಿರುವಾಗ ಬರೆದುಕೊಂಡದ್ದು. ಮಗಳನ್ನು ಮೊದಲ ಸಲ ಹಾಸ್ಟೆಲಿಗೆ ಬಿಟ್ಟು ಬಂದ ದಿನದ ಮಾತು, ಅತ್ತೆ ಹಾಸಿಗೆ ಹಿಡಿದಾಗ ನಡುರಾತ್ರಿಯಲ್ಲಿ ನನಗೆ ಬರುತ್ತಿದ್ದ ಕೋಪ, ಬೆಳಿಗ್ಗೆ ಅದಕ್ಕಾಗಿ ನಾಚಿಕೊಂಡದ್ದು, ಇಂಥವು. ಯಾರಿಗೂ ತೋರಿಸಿರಲಿಲ್ಲ, ಹಾಗಾಗಿ ಹೋದರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡೆ. ಅಳಿಸಿದ ಮೇಲೆ, ಮನೆಗಾಗಿ ಏನನ್ನೋ ಬಿಟ್ಟುಕೊಟ್ಟೆನೆಂಬ ಸಣ್ಣ ಹೆಮ್ಮೆಯೂ ಆಯಿತು. ಸುಳ್ಳು ಯಾಕೆ ಹೇಳಲಿ?

ಮರುವಾರ ಬೆಂಗಳೂರಿನಿಂದ ಮಗ ಬಂದ. ಕಂಪ್ಯೂಟರು ಆಗಲೂ ಜಾಗವಿಲ್ಲವೆಂದೇ ಗೋಳಾಡುತ್ತಿತ್ತು. ಒಂದೊಂದೇ ಫೋಲ್ಡರನ್ನು ಹಿಡಿದು, ಅದರ ವಿವರ ತೆರೆದು, ಲೆಕ್ಕ ಮುಗಿಯುವ ತನಕ ಕಾಯುವುದು ನಮ್ಮ ಪದ್ಧತಿ. ಮಗ ಹಾಗೆ ಮಾಡಲಿಲ್ಲ. ಕಪ್ಪು ಪರದೆಯೊಂದನ್ನು ತೆರೆದು ಒಂದೇ ಒಂದು ಸಾಲು ಬರೆದ. "ಇದೇನೋ ಮಂತ್ರ?" ಎಂದೆ. "ಮಂತ್ರವೂ ಇಲ್ಲ, ಮಾಟವೂ ಇಲ್ಲ, ಬರೀ ತಕ್ಕಡಿ ಕಣಮ್ಮ" ಎಂದು ವಿವರಿಸಿದ.

ಸಾಲಿನ ಮೊದಲ ಪದ 'ಡಿಯು'. ಡಿಸ್ಕಿನಲ್ಲಿ ಯಾರು ಎಷ್ಟು ಜಾಗ ಹಿಡಿದಿದ್ದಾರೆಂದು ಕೇಳುವ ಆಜ್ಞೆ ಅದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಹುಟ್ಟಿತಲ್ಲ, ಅದರ 1971ರ ಮೊದಲ ಆವೃತ್ತಿಯಲ್ಲೇ ಇದು ಇತ್ತಂತೆ. ಅದರ ಪಕ್ಕದ 'ಎಸ್' ಅಂದರೆ ಒಳಗಿನ ಚಿಲ್ಲರೆ ಬೇಡ, ಒಟ್ಟು ಮೊತ್ತ ಹೇಳು ಎಂದು. 'ಎಚ್' ಅಂದರೆ ಮನುಷ್ಯರಿಗೆ ತಿಳಿಯುವ ಹಾಗೆ ಎಂಬಿ, ಜಿಬಿಗಳಲ್ಲಿ ಹೇಳು ಎಂದು. ಆಮೇಲೊಂದು ನಕ್ಷತ್ರ, ಇಲ್ಲಿರುವುದೆಲ್ಲವನ್ನೂ ಎಂದು ಅರ್ಥ. ಕೊನೆಗೊಂದು ನಿಂತ ಗೆರೆ, ಅದರಾಚೆ 'ಸಾರ್ಟ್', ಅದರ ಪಕ್ಕದಲ್ಲೂ ಅದೇ 'ಎಚ್': ಬಂದ ಲೆಕ್ಕವನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸು ಎಂದು. ಯಾವ ಫೈಲನ್ನೂ ಇದು ಬಿಚ್ಚಿ ಓದುವುದಿಲ್ಲ. ಡಬ್ಬದ ಮುಚ್ಚಳ ತೆಗೆಯದೆ ಹೊರಗಿನ ಚೀಟಿ ನೋಡಿದ ಹಾಗೆ, ಪ್ರತಿಯೊಂದರ ಅಳತೆ ಎಲ್ಲಿ ಬರೆದಿದೆಯೋ ಅಲ್ಲಿಂದ ತೆಗೆದುಕೊಂಡು ಕೂಡಿಸುತ್ತದೆ. ನಾನು ಲೋಟ ತೊಳೆದಿಡುವಷ್ಟರಲ್ಲಿ ಪಟ್ಟಿ ಬಂದಿತ್ತು.

ಸಿನಿಮಾಗಳು 212 ಜಿಬಿ, ಅದರಲ್ಲಿ ಕೆಲವು ಎರಡೆರಡು ಸಲ. ಫೋಟೋಗಳು 96. ಮೈದುನನ ಮಗನ ಮದುವೆಯ ವಿಡಿಯೋ 48, ಒಂದೇ ವಿಡಿಯೋ ಮೂರು ಕಡೆ. ಯಜಮಾನರ ಆಫೀಸಿನ ಕಾಗದಪತ್ರ 31. ಮಗ ಪಟ್ಟಿಯ ಮೇಲ್ತುದಿಯಲ್ಲಿ ಹುಡುಕಿದ. "ಅಮ್ಮ, ನಿನ್ನದು ಕಾಣ್ತಾ ಇಲ್ಲವಲ್ಲ?"

ಹೇಳಿದೆ. ಅವನು ಮಾತಾಡಲಿಲ್ಲ. ಹಿಂದಿನ ವರ್ಷ ಇದೇ ರೀತಿ ಅಳೆದು ಎತ್ತಿಟ್ಟಿದ್ದ ಹಳೆಯ ಪಟ್ಟಿಯೊಂದನ್ನು ತೆರೆದು ತೋರಿಸಿದ. ಎಲ್ಲಕ್ಕಿಂತ ಮೇಲೆ, ಅಂದರೆ ಎಲ್ಲಕ್ಕಿಂತ ಚಿಕ್ಕದಾಗಿ, 'ಅಮ್ಮ: 6.2 ಎಂಬಿ' ಎಂದಿತ್ತು. ಕನ್ನಡದ ಒಂದೊಂದು ಗುರುತಿಗೂ ಯುನಿಕೋಡಿನ ರೂಢಿಯ ಬರವಣಿಗೆಯಲ್ಲಿ ಮೂರು ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ ಒಂದೇ ಸಾಕು. ಮೂರು ಪಟ್ಟು ಜಾಗ ಹಿಡಿದೂ ನನ್ನ ಹನ್ನೆರಡು ವರ್ಷ ಅಷ್ಟೇ. ನಮ್ಮ ಡಿಸ್ಕು 500 ಜಿಬಿಯದು. ನಾನು ಬಿಟ್ಟುಕೊಟ್ಟದ್ದು ಅದರ ಎಂಬತ್ತು ಸಾವಿರದಲ್ಲಿ ಒಂದು ಪಾಲು. ಮದುವೆಯ ವಿಡಿಯೋದಲ್ಲಿ ಅರ್ಧ ನಿಮಿಷವೂ ಅದರಲ್ಲಿ ಹಿಡಿಸುತ್ತಿರಲಿಲ್ಲ.

ಮಗ ಎರಡು ರಾತ್ರಿ ಕುಳಿತು ಹುಡುಕಿದ. ತೆರವಾದ ಜಾಗದಲ್ಲಿ ಆಗಲೇ ಬೇರೇನೋ ಬಂದು ಕೂತಿತ್ತು. ಬರಹ ಹೋಯಿತು, ಅದರ ತೂಕ ಮಾತ್ರ ಉಳಿಯಿತು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಮಾಡಿದ್ದು ತ್ಯಾಗವೇ? ತ್ಯಾಗವೆಂದರೆ ಒಬ್ಬರಿಗಾದರೂ ಅದರಿಂದ ಅನುಕೂಲವಾಗಬೇಕು. ಇಲ್ಲಿ ಯಾರಿಗೂ ಕೂರಲು ಒಂದು ಅಂಗುಲ ಜಾಗ ಹೆಚ್ಚಾಗಲಿಲ್ಲ. ಮನೆಯವರನ್ನು ದೂರುವಂತೆಯೂ ಇಲ್ಲ. ನನ್ನದನ್ನು ತೆಗೆ ಎಂದು ಯಾರೂ ಹೇಳಿರಲಿಲ್ಲ. ಅವರಿಗೆ ಅಂಥದ್ದೊಂದು ಇದೆಯೆಂದೇ ತಿಳಿದಿರಲಿಲ್ಲ. ಜಾಗ ಸಾಲದೆಂದ ಕೂಡಲೇ ನಾನು ಸರಿದುಕೊಳ್ಳಬೇಕೆಂದು ತೀರ್ಮಾನಿಸಿದವಳು ನಾನೇ. ಅದು ಒಳ್ಳೆಯತನವಲ್ಲ, ಅಭ್ಯಾಸ. ಸಾರು ಕಡಿಮೆಯಾಗಿದೆಯೇ ಎಂದು ಪಾತ್ರೆ ಬಗ್ಗಿ ನೋಡದೆಯೇ "ನನಗೆ ಹಸಿವಿಲ್ಲ" ಎನ್ನುತ್ತೇವಲ್ಲ, ಆ ಜಾತಿಯದು.

ಮನೆಯೊಳಗೆ ಅಳೆಯುವುದು ಸಣ್ಣತನವಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಬೆಳೆದವಳು. ಬಡಿಸುವಾಗ ಎಣಿಸಬಾರದೆಂದು ನಮ್ಮಜ್ಜಿ ಹೇಳುತ್ತಿದ್ದರು. ಆದರೆ ಅದೇ ಅಜ್ಜಿ ಅಕ್ಕಿ ಹಾಕುವಾಗ ಪಾವನ್ನು ಮಟ್ಟಮಾಡಿ ಅಳೆಯುತ್ತಿದ್ದರು. ಅಳೆದದ್ದರಿಂದಲೇ ಬಡಿಸುವಾಗ ಕೈ ಬಿಗಿಹಿಡಿಯಬೇಕಾಗುತ್ತಿರಲಿಲ್ಲ. ಯಾರು ಎಷ್ಟು ತಿಂದರೆಂದು ಎಣಿಸುವುದು ಬೇರೆ, ಇರುವುದೆಷ್ಟೆಂದು ನೋಡಿಕೊಳ್ಳುವುದು ಬೇರೆ. ಈ ಎರಡನ್ನೂ ಒಂದೇ ಎಂದುಕೊಂಡು ನಾವು ಹೆಂಗಸರು ಬಹಳ ಕಾಲ ಮೋಸಹೋಗಿದ್ದೇವೆ.

ಇನ್ನೊಂದು ಮಾತು. ಅಳತೆಗೆ ಬೆಲೆ ಗೊತ್ತಿಲ್ಲ, ನಿಜ. ಡಿಯುವಿಗೆ ಸಿನಿಮಾವೂ ಒಂದೇ, ಅತ್ತೆಯ ಕೊನೆಯ ದಿನಗಳೂ ಒಂದೇ. ಆದ್ದರಿಂದ ಅಳತೆ ಬಂದರೆ ಚಿಕ್ಕದ್ದಕ್ಕೆ ಉಳಿಗಾಲವಿಲ್ಲ ಎಂದು ನಾನು ಹೆದರುತ್ತಿದ್ದೆ. ನೋಡಿದರೆ ಆದದ್ದು ತಿರುಗುಮುರುಗು. ಮೊದಲೇ ಅಳೆದಿದ್ದರೆ ಪಟ್ಟಿಯೇ ಹೇಳುತ್ತಿತ್ತು, ಇದನ್ನು ಅಳಿಸಿ ಲಾಭವಿಲ್ಲ, ಇರಲಿ ಬಿಡು ಎಂದು. ಚಿಕ್ಕದನ್ನು ಕಾಯುತ್ತಿದ್ದದ್ದು ಅಳತೆಯೇ. ಅದನ್ನು ಕೊಂದದ್ದು ಅಳೆಯದ ನನ್ನ ಧಾರಾಳ.

ಮಗ ಮದುವೆಯ ವಿಡಿಯೋದ ಎರಡು ಪ್ರತಿಗಳನ್ನು ತೆಗೆದ. ಮೂವತ್ತೆರಡು ಜಿಬಿ ತೆರವಾಯಿತು. ಯಾರಿಗೂ ಏನೂ ಕಡಿಮೆಯಾಗಲಿಲ್ಲ. ಹೊರಡುವ ಮುಂಚೆ ಆ ಒಂದು ಸಾಲನ್ನು ನನ್ನ ಕೈಯಲ್ಲೇ ಬರೆಸಿ ಕಲಿಸಿದ.

ನಾನು ಮತ್ತೆ ಒಂದು ಫೋಲ್ಡರು ಮಾಡಿಕೊಂಡಿದ್ದೇನೆ. ಹೋದದ್ದು ನೆನಪಿನಿಂದ ಹಾಗೆಯೇ ಬರುವುದಿಲ್ಲ. ಆ ಕೋಪ ಈಗ ಅಷ್ಟು ಬಿಸಿಯಾಗಿಲ್ಲ. ಇವತ್ತಿನದನ್ನು ಬರೆಯುತ್ತೇನೆ. ನಮ್ಮ ಕಂಪ್ಯೂಟರಿನಲ್ಲಿ ಒಂದೇ ಅಕ್ಷರ ಬರೆದಿಟ್ಟರೂ ಡಿಸ್ಕು ಅದಕ್ಕೆ 4 ಕೆಬಿಯ ಮಣೆಯೊಂದನ್ನು ಹಾಕಿ ಕೂರಿಸುತ್ತದಂತೆ. ಅಷ್ಟು ಮರ್ಯಾದೆ ಸಾಕು ಎನಿಸಿತು.

ಹೋದ ಭಾನುವಾರ ಯಜಮಾನರು ಮತ್ತೆ ಕೂಗಿದರು, "ಯಾರಾದರೂ ಏನಾದರೂ ತೆಗೆಯಿರಿ." ಒಲೆ ಸಣ್ಣ ಮಾಡಿ ಬಂದು ಹೇಳಿದೆ: "ತಾಳಿ, ಮೊದಲು ಅಳೆಯೋಣ."